ಬ್ಯಾಂಕಿನ ಕುರ್ಚಿಯಿಂದ ಮತದಾರರ ಅಂಗಳಕ್ಕೆ: ಕೊಡಗಿನಲ್ಲಿ ಹಣಕಾಸು ವೃತ್ತಿಯವರಿಗಿರುವ ದಾರಿ

ಕೊಡಗು ಇತ್ತೀಚೆಗೆ ಗೆಲ್ಲಿಸಿ ಕಳಿಸಿದವರನ್ನು ನೋಡಿ. 2023ರಲ್ಲಿ ವಿರಾಜಪೇಟೆಯಿಂದ ವಿಧಾನಸಭೆಗೆ ಹೋದ ಎ.ಎಸ್. ಪೊನ್ನಣ್ಣ ವಕೀಲರು. ಮಡಿಕೇರಿಯಿಂದ ಗೆದ್ದ ಮಂತರ್ ಗೌಡ ವೈದ್ಯರು. ಮೈಸೂರು-ಕೊಡಗು ಕ್ಷೇತ್ರದಿಂದ ಎರಡು ಸಲ ಲೋಕಸಭೆಗೆ ಹೋದ ಪ್ರತಾಪ ಸಿಂಹ ಪತ್ರಕರ್ತರಾಗಿದ್ದವರು. ಬೆಳೆಗಾರರಂತೂ ಎಲ್ಲ ಪಕ್ಷಗಳಲ್ಲೂ ಇದ್ದಾರೆ. ಬ್ಯಾಂಕು, ವಿಮೆ, ಲೆಕ್ಕ ಪರಿಶೋಧನೆಯಲ್ಲಿ ಆಯುಷ್ಯ ಸವೆಸಿದವರು ಮಾತ್ರ ಈ ಸಾಲಿನಲ್ಲಿ ಕಾಣುವುದು ಅಪರೂಪ. ಜಿಲ್ಲೆಯಲ್ಲಿ ಅಂಥವರಿಗೇನೂ ಬರವಿಲ್ಲ. ಸೇನೆಯಿಂದ ನಿವೃತ್ತರಾಗಿ ಬಂದವರಂತೆ ಬ್ಯಾಂಕಿನಿಂದ ನಿವೃತ್ತರಾಗಿ ಊರಿಗೆ ಮರಳಿ ತೋಟ ನೋಡಿಕೊಳ್ಳುವವರೂ ಇಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಬೆಂಗಳೂರಿನ ಕಂಪನಿಗಳಲ್ಲಿ ಹಣಕಾಸು ವಿಭಾಗ ನೋಡಿಕೊಂಡು, ನಲವತ್ತೈದಕ್ಕೇ ಕೆಲಸ ಬಿಟ್ಟು ಊರಲ್ಲಿ ಏನಾದರೂ ಮಾಡಬೇಕೆಂದು ಹಂಬಲಿಸುವವರೂ ಇದ್ದಾರೆ. ಇವರಲ್ಲಿ ಕೆಲವರಿಗಾದರೂ ರಾಜಕೀಯದ ಯೋಚನೆ ಬಂದಿರುತ್ತದೆ. ದಾರಿ ಹೇಗಿದೆ, ಕಾನೂನು ಏನು ಹೇಳುತ್ತದೆ, ಎಲ್ಲಿ ಕಾಲು ಜಾರುತ್ತದೆ ಎಂದು ಬಿಡಿಸಿ ಹೇಳುವವರು ಕಡಿಮೆ.

ಇಂಥವರು ರಾಜಕೀಯಕ್ಕೆ ಬರಲೇಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಕೊಡಗಿನ ದೊಡ್ಡ ಸಮಸ್ಯೆಗಳನ್ನು ಕೆದಕುತ್ತಾ ಹೋದರೆ ಕೊನೆಗೆ ಎರಡೇ ವಸ್ತು ಸಿಗುತ್ತವೆ: ಸಾಲ ಮತ್ತು ದಾಖಲೆ. ಇವೆರಡರ ಒಳಹೊರಗು ಗೊತ್ತಿರುವವರು ಬ್ಯಾಂಕಿನವರೇ.

ಜಮ್ಮಾ ಜಾಗದ, ಅಂದರೆ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಹಿಡುವಳಿಯ, ಒಂದು ಆರ್‌ಟಿಸಿಯನ್ನು (ಪಹಣಿಯನ್ನು) ಕೈಗೆತ್ತಿಕೊಳ್ಳಿ. ಪಟ್ಟೆದಾರರ ಹೆಸರಿನ ಜಾಗದಲ್ಲಿ ತೀರಿಹೋಗಿ ದಶಕಗಳಾದ ಹಿರಿಯರ ಹೆಸರಿರುತ್ತದೆ. ಜಾಗ ಇಡೀ ಒಕ್ಕಕ್ಕೆ, ಅಂದರೆ ಒಂದೇ ಮನೆತನದ ಕುಟುಂಬಗಳಿಗೆಲ್ಲ, ಸೇರಿದ್ದು. ಅನುಭವದಲ್ಲಿರುವವರು ನಾಲ್ಕಾರು ಮನೆಯವರು. ಪಾಲುದಾರರಲ್ಲಿ ಒಬ್ಬರು ಮೈಸೂರಿನಲ್ಲಿ, ಇನ್ನೊಬ್ಬರು ದುಬೈಯಲ್ಲಿ, ಮತ್ತೊಬ್ಬರು ಯಾರ ಫೋನಿಗೂ ಸಿಗದವರು. ತೋಟ ಮಾಡುತ್ತಿರುವ ಮನುಷ್ಯ ಸಾಲ ಕೇಳಲು ಬಂದಾಗ ಮ್ಯಾನೇಜರ್ ಎಲ್ಲ ಪಾಲುದಾರರ ಸಹಿ ಕೇಳುತ್ತಾರೆ. ಸಹಿ ಸಿಗುವುದಿಲ್ಲ, ಸಾಲವೂ ಸಿಗುವುದಿಲ್ಲ. ಆಮೇಲೆ ಆತ ಹೋಗುವುದು ಕಾಫಿ ವ್ಯಾಪಾರಿಯ ಹತ್ತಿರ. ಮುಂದಿನ ಫಸಲಿನ ಮೇಲೆ ಮುಂಗಡ ತರುತ್ತಾನೆ, ಬೆಲೆ ಏರಿದಾಗ ಅದರ ಲಾಭ ಆತನಿಗೆ ದಕ್ಕುವುದಿಲ್ಲ. ವೇದಿಕೆಯ ಮೇಲೆ ‘ಜಮ್ಮಾ ಸಮಸ್ಯೆ ಬಗೆಹರಿಸುತ್ತೇವೆ’ ಎನ್ನುವ ನಾಯಕರು ಬಹಳ. ಆ ಕಾಗದದ ಯಾವ ಕಾಲಂ ತಿದ್ದಿದರೆ ಯಾವ ಬಾಗಿಲು ತೆರೆಯುತ್ತದೆ ಎಂದು ತಿಳಿದಿರುವುದು, ವರ್ಷಗಟ್ಟಲೆ ಅಂಥ ಕಡತಗಳನ್ನು ವಾಪಸು ಕಳಿಸಿದವರಿಗೆ.

ಬೆಳೆಸಾಲದ ಲೆಕ್ಕವೂ ಹಾಗೆಯೇ. ಸಾಮಾನ್ಯ ಸಾಲದ ಕಂತು 90 ದಿನ ಬಾಕಿ ಉಳಿದರೆ ಅದು ಅನುತ್ಪಾದಕ ಆಸ್ತಿ, ಅಂದರೆ ಎನ್‌ಪಿಎ. ಕೃಷಿ ಸಾಲಕ್ಕೆ ಅಳತೆ ಬೇರೆ. ಅಲ್ಪಾವಧಿ ಬೆಳೆಗೆ ಎರಡು ಹಂಗಾಮು, ದೀರ್ಘಾವಧಿ ಬೆಳೆಗೆ ಒಂದು ಹಂಗಾಮು ಮೀರಿ ಬಾಕಿ ಉಳಿಯಬೇಕು. ಯಾವ ಬೆಳೆಯ ಹಂಗಾಮು ಎಲ್ಲಿಂದ ಎಲ್ಲಿಯವರೆಗೆ ಎಂದು ತೀರ್ಮಾನಿಸುವುದು ರಾಜ್ಯಮಟ್ಟದ ಬ್ಯಾಂಕರುಗಳ ಸಮಿತಿ. ಫೆಬ್ರವರಿ-ಮಾರ್ಚ್‌ನಲ್ಲಿ ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆ ಕೈಕೊಟ್ಟರೆ ರೊಬಸ್ಟಾ ಬೆಳೆಗಾರರ ಇಡೀ ವರ್ಷದ ಆದಾಯ ಹೋದಂತೆ. ಕಾಫಿಗೆ ವರ್ಷಕ್ಕೆ ಒಂದೇ ಫಸಲು, ಹಣ ಬರುವುದೂ ಒಂದೇ ಸಲ. ಹೀಗಿರುವಾಗ ಆ ಸಮಿತಿಯ ಮೇಜಿನ ಮೇಲೆ ಕೊಡಗಿನ ಮಾತು ಯಾರು ಎತ್ತುತ್ತಾರೆ ಎಂಬುದು ದೊಡ್ಡ ಪ್ರಶ್ನೆ. ಜಿಲ್ಲೆಯಲ್ಲೂ ಲೀಡ್ ಬ್ಯಾಂಕ್ (ಜಿಲ್ಲೆಯ ಬ್ಯಾಂಕುಗಳ ಕೆಲಸ ಹೊಂದಿಸುವ ಬ್ಯಾಂಕು) ಕರೆಯುವ ಪರಿಶೀಲನಾ ಸಭೆಗಳಿರುತ್ತವೆ, ಶಾಸಕರು ಮತ್ತು ಸಂಸದರಿಗೂ ಆಹ್ವಾನ ಹೋಗುತ್ತದೆ. ಅಂಕಿಅಂಶದ ಕಟ್ಟು ಹಿಡಿದು ಕೂತ ಅಧಿಕಾರಿಗಳಿಗೆ, ಯಾವ ಶಾಖೆಯಲ್ಲಿ ಠೇವಣಿ ಎಷ್ಟು, ಅದರಲ್ಲಿ ಊರಿಗೇ ಸಾಲವಾಗಿ ಮರಳಿದ್ದು ಎಷ್ಟು ಎಂದು ಕೇಳುವ ಶಾಸಕರು ಸಿಕ್ಕರೆ ಸಭೆಯ ದಿಕ್ಕೇ ಬದಲಾಗುತ್ತದೆ.

ಇನ್ನು ಸರ್ಫೇಸಿ ಕಾಯ್ದೆ. 2002ರ ಈ ಕಾನೂನಿನಡಿ ಬ್ಯಾಂಕು ನ್ಯಾಯಾಲಯದ ಮೆಟ್ಟಿಲು ಹತ್ತದೆಯೇ ಅಡವಿಟ್ಟ ಆಸ್ತಿಯನ್ನು ವಶಕ್ಕೆ ತೆಗೆದುಕೊಂಡು ಹರಾಜು ಹಾಕಬಹುದು. ಕೃಷಿ ಭೂಮಿಗೆ 31ನೇ ಕಲಂನಲ್ಲಿ ವಿನಾಯಿತಿ ಇದೆ. ಕಾಫಿ ತೋಟ ಕೃಷಿ ಭೂಮಿಯೇ, ಪ್ಲಾಂಟೇಶನ್ನೇ ಎಂಬಲ್ಲಿ ಜಗಳ. ಬೆಳೆಗಾರರು ಕೃಷಿ ಎನ್ನುತ್ತಾರೆ, ಬ್ಯಾಂಕುಗಳು ಒಪ್ಪುವುದಿಲ್ಲ. ಪತ್ರಿಕೆಯಲ್ಲಿ ತೋಟದ ಹರಾಜು ನೋಟಿಸ್ ಬಂದ ದಿನ ಊರಿನಲ್ಲಿ ಏನಾಗುತ್ತದೆ ಎಂದು ಕೊಡಗಿನವರಿಗೆ ಹೇಳಬೇಕಾಗಿಲ್ಲ. ಸಾಲದ ಭಾರ ಒಂದು ಪಾಲಾದರೆ, ಹೆಸರು ಕೆಟ್ಟಿತೆಂಬ ನೋವು ಅದರ ಎರಡು ಪಾಲು.

ಬ್ಯಾಂಕಿನಿಂದ ಬಂದ ರಾಜಕಾರಣಿಗೆ ಮೊದಲ ತೊಡಕು ಎದುರಾಗುವುದೂ ಇಲ್ಲಿಯೇ. ನಿನ್ನೆ ನೋಟಿಸಿಗೆ ಸಹಿ ಹಾಕಿದವರು ಇವತ್ತು ಅದೇ ಅಂಗಳದಲ್ಲಿ ಕೈಮುಗಿದು ನಿಂತಿರುತ್ತಾರೆ. ‘ಸಾರ್, ನೀವು ಅವತ್ತು ಹತ್ತು ದಿನ ಟೈಮ್ ಕೊಡಲಿಲ್ಲ’ ಎಂದು ಒಬ್ಬ ಹಿರಿಯರು ಕೇಳಿದರೆ ಏನು ಹೇಳುವುದು? ‘ರೂಲ್ಸ್ ಹಾಗಿತ್ತು’ ಎಂದರೆ ಮಾತು ಅಲ್ಲಿಗೇ ಮುಗಿಯಿತು, ಮತವೂ ಹೋಯಿತು. ಆ ನಿಯಮ ಯಾರು ಮಾಡಿದ್ದು, ಅದರಲ್ಲಿ ತಪ್ಪೇನು, ಅದನ್ನು ಬದಲಿಸಲು ಎಲ್ಲಿ ಹೋಗಬೇಕು ಎಂದು ಆ ಹಿರಿಯರ ಜಗಲಿಯಲ್ಲೇ ಕೂತು ಬಿಡಿಸಿ ಹೇಳಬಲ್ಲವರಿಗೆ ಮಾತ್ರ ಎರಡನೇ ಲೋಟ ಕಾಫಿ ಸಿಗುತ್ತದೆ.

ಕಾಗದವಿಲ್ಲದ ಮನುಷ್ಯ

ಹಣಕಾಸು ವೃತ್ತಿ ಒಬ್ಬರಿಗೆ ಕಲಿಸುವ ಮೊದಲ ಪಾಠ ‘ದಾಖಲೆ ತನ್ನಿ’ ಎಂಬುದು. ಅದು ಒಳ್ಳೆಯ ಪಾಠವೇ, ಜನರ ಠೇವಣಿ ಉಳಿಯುವುದು ಅದರಿಂದಲೇ. ಆದರೆ ರಾಜಕೀಯದಲ್ಲಿ ಬಾಗಿಲು ತಟ್ಟುವವರಲ್ಲಿ ಹೆಚ್ಚಿನವರು ದಾಖಲೆ ಇಲ್ಲದ ಕಾರಣಕ್ಕೇ ಬಂದಿರುತ್ತಾರೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಮಾದಾಪುರದ ಕಡೆ ಗುಡ್ಡಗಳು ಕುಸಿದು ಮನೆ ತೋಟ ಎಲ್ಲ ಹೋದಾಗ, ಮರುವರ್ಷ ವಿರಾಜಪೇಟೆ ಬಳಿಯ ತೋರದಲ್ಲಿ ಬೆಟ್ಟ ಜರಿದಾಗ, ಪರಿಹಾರದ ಅರ್ಜಿ ಮೊದಲು ಕೇಳುವುದು ‘ಜಾಗ ಯಾರ ಹೆಸರಿನಲ್ಲಿದೆ’ ಎಂದು. ಒಕ್ಕದ ಜಾಗದಲ್ಲಿ ತಲೆಮಾರುಗಳಿಂದ ಇದ್ದು ಆರ್‌ಟಿಸಿಯಲ್ಲಿ ಹೆಸರಿಲ್ಲದವರು ಏನು ಮಾಡಬೇಕು? ತೋಟದ ಕಾರ್ಮಿಕರ ಲೈನ್‌ಮನೆಯಲ್ಲಿ ಹುಟ್ಟಿ ಬೆಳೆದ ಪಣಿಯರ, ಯರವರ ಆದಿವಾಸಿ ಕುಟುಂಬ ಏನು ತೋರಿಸಬೇಕು? 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ತೆರವು ಕಾರ್ಯಾಚರಣೆಗೆ ಗುಡಿಸಲು ಕಳೆದುಕೊಂಡ ಆದಿವಾಸಿಗಳು ಯಾವ ಬ್ಯಾಂಕಿನ ಲೆಡ್ಜರಿನಲ್ಲೂ ಸಾಲಗಾರರಾಗಿ ಇದ್ದವರಲ್ಲ. ಬ್ಯಾಂಕಿನ ಕಣ್ಣಿಗೆ ಅವರು ಇರಲೇ ಇಲ್ಲ.

ಹಣಕಾಸು ವೃತ್ತಿಯಿಂದ ರಾಜಕೀಯಕ್ಕೆ ಬರುವವರು ದಾಟಬೇಕಾದ ಅತಿದೊಡ್ಡ ಹೊಳೆ ಇದು ಎಂದು ನನಗನ್ನಿಸುತ್ತದೆ. ಭಾಷಣ ಕಲಿಯಬಹುದು, ಪಕ್ಷದ ಒಳಗಿನ ಲೆಕ್ಕಾಚಾರವನ್ನೂ ಕಲಿಯಬಹುದು. ಅರ್ಹತೆ ಇಲ್ಲದವರಿಗೆ ಇಲ್ಲ ಎನ್ನುವುದೇ ಪ್ರಾಮಾಣಿಕತೆ ಎಂದು ಮೂವತ್ತು ವರ್ಷ ನಂಬಿ ಬದುಕಿದ ಮೇಲೆ, ಅರ್ಹತೆಯ ಪಟ್ಟಿಯನ್ನೇ ಪ್ರಶ್ನಿಸುವ ಜಾಗಕ್ಕೆ ಬಂದು ನಿಲ್ಲುವುದು ಅಷ್ಟು ಸುಲಭವಲ್ಲ. ಹಾಗೆಂದು ಲೆಕ್ಕದ ಶಿಸ್ತನ್ನು ಬಿಡಬೇಕಾಗಿಲ್ಲ. 2018ರಲ್ಲೇ ರಿಸರ್ವ್ ಬ್ಯಾಂಕ್ ಹೊರಡಿಸಿದ ವಿಕೋಪ ಪರಿಹಾರ ನಿರ್ದೇಶನದಲ್ಲಿ, ಬೆಳೆಹಾನಿ ಶೇ 33 ದಾಟಿದರೆ ಬೆಳೆಸಾಲವನ್ನು ಮರುಹೊಂದಿಸಿ, ಕನಿಷ್ಠ ಒಂದು ವರ್ಷ ವಸೂಲಿ ಮುಂದೂಡಲು ಅವಕಾಶವಿತ್ತು. ಅದು ಜಾರಿಯಾಗಬೇಕಾದರೆ ಸರ್ಕಾರದ ಘೋಷಣೆ, ಬ್ಯಾಂಕರುಗಳ ಸಮಿತಿಯ ಸಭೆ ಎಲ್ಲವೂ ಹೊತ್ತಿಗೆ ಸರಿಯಾಗಿ ಆಗಬೇಕು. ನೊಂದವರ ಪರ ಕಣ್ಣೀರು ಹಾಕುವವರ ಜೊತೆಗೆ, ಆ ಕಡತವನ್ನು ಬೆನ್ನಟ್ಟುವವರೂ ಒಬ್ಬರು ಬೇಕು.

ಕೆಲಸ ಬಿಡುವಾಗ

ಸರ್ಕಾರಿ ಸ್ವಾಮ್ಯದ ಬ್ಯಾಂಕಿನ ಅಧಿಕಾರಿ ಕೆಲಸದಲ್ಲಿರುವಾಗ ಸಕ್ರಿಯ ರಾಜಕೀಯ ಮಾಡುವಂತಿಲ್ಲ. ಪಂಚಾಯಿತಿಯಿಂದ ಸಂಸತ್ತಿನವರೆಗೆ ಯಾವ ಚುನಾವಣೆಗೂ ನಿಲ್ಲುವಂತಿಲ್ಲ. ಅಧಿಕಾರಿಗಳ ನಡತೆ ನಿಯಮಗಳು ಇದನ್ನು ನೇರವಾಗಿಯೇ ಹೇಳುತ್ತವೆ. ಆದ್ದರಿಂದ ಮೊದಲು ಹೊರಗೆ ಬರಬೇಕು, ಆಮೇಲೆ ಬಾವುಟ ಹಿಡಿಯಬೇಕು.

ಹೊರಗೆ ಬರುವ ರೀತಿಯಲ್ಲಿ ಬಹಳ ಜನ ಎಡವುತ್ತಾರೆ. ಟಿಕೆಟ್ ಸಿಕ್ಕಿತೆಂಬ ಉತ್ಸಾಹದಲ್ಲಿ ಒಂದು ಸಾಲಿನ ರಾಜೀನಾಮೆ ಬರೆದುಕೊಡುವವರು ದಯವಿಟ್ಟು ಇದನ್ನು ಓದಬೇಕು. 1995ರ ಬ್ಯಾಂಕ್ ನೌಕರರ ಪಿಂಚಣಿ ನಿಯಮಗಳ ಪ್ರಕಾರ ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆಯೆಲ್ಲ ಪಿಂಚಣಿಯ ಲೆಕ್ಕದಿಂದ ಹೋಗುತ್ತದೆ. ಅದೇ 20 ವರ್ಷ ಅರ್ಹ ಸೇವೆ ಮುಗಿಸಿ, 3 ತಿಂಗಳು ಮೊದಲು ಲಿಖಿತ ನೋಟಿಸ್ ಕೊಟ್ಟು ಸ್ವಯಂ ನಿವೃತ್ತಿ ಪಡೆದರೆ ಪಿಂಚಣಿ ಉಳಿಯುತ್ತದೆ. ಎರಡೂ ಕಾಗದ ನೋಡಲು ಒಂದೇ ಥರ. ಒಂದರಲ್ಲಿ ಮನೆಯವರ ಮುಪ್ಪಿನ ಅನ್ನವಿದೆ. 2010ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರಿಗೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ ಇರುವುದರಿಂದ ಅವರ ಲೆಕ್ಕ ಬೇರೆ. ಚುನಾವಣೆ ಘೋಷಣೆಯಾಗಿ ಮತದಾನ ಮುಗಿಯುವುದು ಒಂದೆರಡು ತಿಂಗಳಲ್ಲಿ. ಮೂರು ತಿಂಗಳ ನೋಟಿಸ್ ಬೇಕೆಂದರೆ ತೀರ್ಮಾನ ಎಷ್ಟು ಮೊದಲು ಆಗಬೇಕೆಂದು ನೀವೇ ಲೆಕ್ಕ ಹಾಕಿ. ಟಿಕೆಟಿಗಾಗಿ ಕಾದು ಕೂತವರಿಗೆ ಈ ದಾರಿ ಮುಚ್ಚಿರುತ್ತದೆ.

ಲೆಕ್ಕ ಪರಿಶೋಧಕರಿಗೆ ಮತ್ತೊಂದು ಎಚ್ಚರಿಕೆ. ವೃತ್ತಿಯಲ್ಲಿದ್ದುಕೊಂಡೇ ಶಾಸಕ, ಸಂಸದರಾಗಲು ಅವರ ಸಂಸ್ಥೆಯ ನಿಯಮ ಅನುಮತಿ ಕೊಡುತ್ತದೆ. ಆದರೆ ಸಂವಿಧಾನದ 102 ಮತ್ತು 191ನೇ ವಿಧಿಗಳು ಸರ್ಕಾರದಡಿ ಲಾಭದಾಯಕ ಹುದ್ದೆ ಹೊಂದಿದವರನ್ನು ಅನರ್ಹಗೊಳಿಸುತ್ತವೆ. 1962ರಲ್ಲಿ ಪಶ್ಚಿಮ ಬಂಗಾಳದ ಬರ್ದ್ವಾನ್‌ನಿಂದ ಲೋಕಸಭೆಗೆ ಗೆದ್ದ ಗುರು ಗೋವಿಂದ ಬಸು ಎಂಬ ಲೆಕ್ಕ ಪರಿಶೋಧಕರು ಇದೇ ಕಾರಣಕ್ಕೆ ಸ್ಥಾನ ಕಳೆದುಕೊಂಡರು. ಅವರು ಎರಡು ಸರ್ಕಾರಿ ಕಂಪನಿಗಳ ಆಡಿಟರ್ ಆಗಿದ್ದರು. ನೇಮಿಸುವುದು, ತೆಗೆಯುವುದು ಸರ್ಕಾರದ ಕೈಯಲ್ಲಿದ್ದರೆ ಅದು ಸರ್ಕಾರದಡಿಯ ಹುದ್ದೆಯೇ ಎಂದು ಸುಪ್ರೀಂ ಕೋರ್ಟ್ ಹೇಳಿತು. ಸರ್ಕಾರಿ ಕಂಪನಿಯ ಆಡಿಟ್ ನಿಮ್ಮ ಕೈಯಲ್ಲಿದ್ದರೆ ನಾಮಪತ್ರಕ್ಕೆ ಮೊದಲೇ ಬಿಟ್ಟು, ಬಿಟ್ಟಿದ್ದಕ್ಕೆ ಕಾಗದ ಇಟ್ಟುಕೊಳ್ಳಿ.

ಇನ್ನೊಂದು ವಿಷಯ ಕಾನೂನಿಗಿಂತ ಹೆಚ್ಚಾಗಿ ಮರ್ಯಾದೆಗೆ ಸೇರಿದ್ದು. ಗೋಣಿಕೊಪ್ಪಲಿನಲ್ಲೋ ಸೋಮವಾರಪೇಟೆಯಲ್ಲೋ ಹತ್ತು ವರ್ಷ ಮ್ಯಾನೇಜರ್ ಆಗಿದ್ದವರಿಗೆ ಊರಿನ ಯಾವ ಮನೆಯ ಸಾಲ ಎಷ್ಟು, ಯಾರ ಚೆಕ್ ಬೌನ್ಸ್ ಆಗಿತ್ತು, ಯಾವ ಮುಖಂಡರು ಒಂದೇ ಕಂತಿನ ತೀರುವಳಿಗೆ ಬಂದು ಅಂಗಲಾಚಿದ್ದರು ಎಂಬುದೆಲ್ಲ ಗೊತ್ತಿರುತ್ತದೆ. ಎದುರಾಳಿಯ ಮೇಲೆ ಬಳಸಲು ಇದಕ್ಕಿಂತ ಚೂಪಾದ ಆಯುಧವಿಲ್ಲ. ಗ್ರಾಹಕರ ವ್ಯವಹಾರದ ಗುಟ್ಟು ಕಾಯುವುದನ್ನು ಬ್ಯಾಂಕ್ ರಾಷ್ಟ್ರೀಕರಣದ 1970ರ ಕಾಯ್ದೆಯೇ ಕರ್ತವ್ಯವಾಗಿ ವಿಧಿಸಿದೆ. ನಿವೃತ್ತಿಯಾದ ಮೇಲೂ ಒಂದು ಮಾತು ಹೊರಗೆ ಬಿಡಬಾರದು. ಒಮ್ಮೆ ಬಿಟ್ಟರೆ ಸಾಲ ಮಾಡಿರುವ ಪ್ರತಿ ಮನೆಯೂ ‘ನಾಳೆ ನಮ್ಮದೂ ಹೀಗೇ’ ಎಂದುಕೊಳ್ಳುತ್ತದೆ. ಹಾಗೆ ಅಂದುಕೊಳ್ಳದ ಮನೆ ಕೊಡಗಿನಲ್ಲಿ ಎಷ್ಟಿದ್ದೀತು?

ಅಭ್ಯರ್ಥಿಯಾಗುವ ಲೆಕ್ಕ

ವಿಧಾನಸಭೆಗೆ ನಿಲ್ಲಲು 25 ವರ್ಷ ತುಂಬಿರಬೇಕು, ರಾಜ್ಯದ ಯಾವುದಾದರೂ ಕ್ಷೇತ್ರದ ಮತದಾರರಾಗಿರಬೇಕು. ಠೇವಣಿ 10,000 ರೂಪಾಯಿ, ಲೋಕಸಭೆಗಾದರೆ 25,000. ಪರಿಶಿಷ್ಟ ಜಾತಿ, ಪಂಗಡದವರಿಗೆ ಅರ್ಧ. ಸಿಂಧು ಮತಗಳ ಆರನೇ ಒಂದು ಪಾಲಿಗಿಂತ ಹೆಚ್ಚು ಸಿಗದಿದ್ದರೆ ಅದು ಹೋಯಿತು. ಇದೆಲ್ಲ ಸುಲಭದ ಭಾಗ.

ಖರ್ಚಿನ ಮಿತಿ ಕರ್ನಾಟಕದಲ್ಲಿ ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ ರೂಪಾಯಿ. ನಾಮಪತ್ರಕ್ಕೆ ಕನಿಷ್ಠ ಒಂದು ದಿನ ಮೊದಲು ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಬೇಕು. ಒಬ್ಬರಿಗೆ 10,000 ರೂಪಾಯಿಗಿಂತ ಹೆಚ್ಚು ನಗದು ಕೊಡುವಂತಿಲ್ಲ. ಚುನಾವಣಾ ಆಯೋಗ ಕೊಡುವ ರಿಜಿಸ್ಟರಿನಲ್ಲಿ ಮೂರು ಬಣ್ಣದ ಹಾಳೆಗಳಿರುತ್ತವೆ: ದಿನವಹಿ ಖರ್ಚಿಗೆ ಬಿಳಿ, ನಗದಿಗೆ ಗುಲಾಬಿ, ಬ್ಯಾಂಕಿಗೆ ಹಳದಿ. ಪ್ರಚಾರದ ನಡುವೆ ಮೂರು ಸಲ ಅದನ್ನು ಅಧಿಕಾರಿಗಳ ಮುಂದೆ ಹಾಜರುಪಡಿಸಬೇಕು. ಶಾಮಿಯಾನ, ಕುರ್ಚಿ, ಊಟ, ಚಹಾಕ್ಕೆಲ್ಲ ಜಿಲ್ಲಾ ಚುನಾವಣಾಧಿಕಾರಿಯೇ ದರ ಗೊತ್ತು ಮಾಡಿರುತ್ತಾರೆ. ನೀವು ಬರೆದ ಲೆಕ್ಕ ಮತ್ತು ಅವರ ತಂಡ ಬೇರೆಯಾಗಿ ಬರೆದಿಟ್ಟ ಲೆಕ್ಕ ತಾಳೆಯಾಗಬೇಕು. ಬೇರೆ ಅಭ್ಯರ್ಥಿಗಳು ಬೆವರುವುದು ಇಲ್ಲಿ. ಕ್ಯಾಶ್ ಬುಕ್ ಬರೆದು ಬೆಳೆದವರಿಗೆ ಇದು ಮನೆಯಂಗಳ.

ಪ್ರಮಾಣಪತ್ರದಲ್ಲಿ ಐದು ವರ್ಷದ ಆದಾಯ ತೆರಿಗೆ ವಿವರ, ಗಂಡ ಅಥವಾ ಹೆಂಡತಿಯದ್ದು, ಅವಲಂಬಿತರದ್ದು, ಅವಿಭಕ್ತ ಕುಟುಂಬದ್ದು ಎಲ್ಲ ಬರೆಯಬೇಕು. ಒಕ್ಕದ ಆಸ್ತಿಯಲ್ಲಿ ನಿಮ್ಮ ಪಾಲು ಎಷ್ಟು ಎಂಬ ಪ್ರಶ್ನೆ ಇಲ್ಲೂ ಎದುರಾಗುತ್ತದೆ. ವಕೀಲರ ಜೊತೆ ಕೂತು ಮೊದಲೇ ಬಗೆಹರಿಸಿಕೊಳ್ಳಿ. ಗೆದ್ದ ಮೇಲೆ ಪ್ರತಿ ವರ್ಷ ಜೂನ್ 30ರೊಳಗೆ ಲೋಕಾಯುಕ್ತಕ್ಕೆ ಆಸ್ತಿ ವಿವರ ಸಲ್ಲಿಸಬೇಕು. ಹಣದ ಬಗ್ಗೆ ನನ್ನ ಕಟ್ಟುನಿಟ್ಟಿನ ಮಾತು ಒಂದೇ: ತೋಟ ಅಡವಿಟ್ಟು ಚುನಾವಣೆಗೆ ನಿಲ್ಲಬೇಡಿ. ಹಾಗೆ ಗೆದ್ದವರು ಮೊದಲ ದಿನದಿಂದಲೇ ಸಾಲ ತೀರಿಸುವ ದಾರಿ ಹುಡುಕಬೇಕಾಗುತ್ತದೆ. ಆ ದಾರಿಗಳು ಯಾವುವೆಂದು ಎಲ್ಲರಿಗೂ ಗೊತ್ತು.

ಎಲ್ಲಿಂದ ಶುರು

ದೊಡ್ಡ ಹೆಸರು ಇದ್ದರೆ ಸಾಕು, ನೇರವಾಗಿ ಲೋಕಸಭೆಗೇ ನಿಲ್ಲಬಹುದು ಎಂಬ ಆಸೆ ನಗರದ ಹಣಕಾಸು ವೃತ್ತಿಯವರಲ್ಲಿ ಬಲವಾಗಿದೆ. ಫಲಿತಾಂಶಗಳು ಬೇರೆ ಹೇಳುತ್ತವೆ. ವಿದೇಶಿ ಬ್ಯಾಂಕೊಂದರ ಭಾರತದ ಮುಖ್ಯಸ್ಥೆಯಾಗಿದ್ದ ಮೀರಾ ಸನ್ಯಾಲ್ 2009ರಲ್ಲಿ ದಕ್ಷಿಣ ಮುಂಬೈಯಿಂದ ಪಕ್ಷೇತರರಾಗಿ, 2014ರಲ್ಲಿ ಆಮ್ ಆದ್ಮಿ ಪಕ್ಷದಿಂದ ನಿಂತರು. ಎರಡು ಸಲವೂ ಸೋತರು. ಇನ್ಫೋಸಿಸ್‌ನ ಹಣಕಾಸು ಮುಖ್ಯಸ್ಥರಾಗಿದ್ದ ವಿ. ಬಾಲಕೃಷ್ಣನ್ 2014ರಲ್ಲಿ ಬೆಂಗಳೂರು ಸೆಂಟ್ರಲ್‌ನಲ್ಲಿ ನಿಂತು ಸೋತರು. ಇಬ್ಬರ ಯೋಗ್ಯತೆಯ ಬಗ್ಗೆ ಎರಡು ಮಾತಿಲ್ಲ. ಮತದಾರರಿಗೂ ಅವರಿಗೂ ನಡುವೆ ಹಳೆಯ ಕೊಡುಕೊಳ್ಳುವಿಕೆ ಇರಲಿಲ್ಲ, ಅಷ್ಟೇ.

ಇದಕ್ಕೆ ಎದುರಾಗಿ ನಮ್ಮದೇ ಕರಾವಳಿಯ ಟಿ.ಎ. ಪೈ ಅವರನ್ನು ನೋಡಿ. ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿಯನ್ನು 1928ರಲ್ಲೇ ಮನೆಬಾಗಿಲಿಗೆ ಹೋಗಿ ಕೂಡಿಸಿದ ಸಿಂಡಿಕೇಟ್ ಬ್ಯಾಂಕಿನ ಪರಂಪರೆಯಲ್ಲಿ ಬೆಳೆದವರು. ಬ್ಯಾಂಕಿನ ಅಧ್ಯಕ್ಷರಾಗಿ, ಭಾರತ ಆಹಾರ ನಿಗಮದ ಮೊದಲ ಅಧ್ಯಕ್ಷರಾಗಿ, ಜೀವ ವಿಮಾ ನಿಗಮದ ಅಧ್ಯಕ್ಷರಾಗಿ ದುಡಿದು, 1972ರಲ್ಲಿ ರಾಜ್ಯಸಭೆಗೆ ಹೋಗಿ ರೈಲ್ವೆ ಸಚಿವರಾದರು. 1977ರಲ್ಲಿ ಉಡುಪಿಯಿಂದ ಲೋಕಸಭೆಗೂ ಗೆದ್ದರು. ಮೀನು ಮಾರುವವರು, ಸಣ್ಣ ರೈತರು ಬ್ಯಾಂಕನ್ನು ತಮ್ಮದೆಂದುಕೊಂಡಿದ್ದ ಊರು ಅದು.

ಕೊಡಗಿನಲ್ಲಿ ಅಂಥ ಸಂಬಂಧ ಬೆಳೆಯುವ ಜಾಗ ಸಹಕಾರ ಸಂಘ. ಹಣಕಾಸು ಮತ್ತು ರಾಜಕೀಯ ಎರಡೂ ಒಂದೇ ಸೂರಿನಡಿ ಇರುವುದು ಅಲ್ಲಿ ಮಾತ್ರ. ರಾಜ್ಯ ಸರ್ಕಾರದ ಬಡ್ಡಿಯಿಲ್ಲದ ಬೆಳೆಸಾಲ, 2023-24ರ ಬಜೆಟ್‌ನಿಂದ 5 ಲಕ್ಷ ರೂಪಾಯಿವರೆಗೆ, ರೈತರ ಕೈ ಸೇರುವುದು ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಮೂಲಕ. ಸೆಪ್ಟೆಂಬರ್ 25ರೊಳಗೆ ನಡೆಯಬೇಕಾದ ಮಹಾಸಭೆಗೆ ಒಮ್ಮೆ ಹೋಗಿ ಕೂತುಕೊಳ್ಳಿ. ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ಮುಗಿದು, ಮಳೆ ಇನ್ನೂ ಬಿಟ್ಟಿರದ ದಿನಗಳು. ಸಭಾಂಗಣದ ಬಾಗಿಲಲ್ಲಿ ಕೊಡೆಗಳ ರಾಶಿ, ಕೈಯಲ್ಲಿ ವಾರ್ಷಿಕ ವರದಿಯ ಪುಸ್ತಕ. ‘ಡೆಡ್ ಸ್ಟಾಕ್ (ಪೀಠೋಪಕರಣ ಮುಂತಾದವು) ಅಂತ ಇಷ್ಟು ಬರೆದಿದ್ದೀರಲ್ಲ, ಅದು ಎಲ್ಲಿದೆ ತೋರಿಸಿ’ ಎಂದು ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಲ್ಲುತ್ತಾರೆ. ಗೊಬ್ಬರ ಹೊತ್ತಿಗೆ ಬರಲಿಲ್ಲವೆಂದು ಇನ್ನೊಬ್ಬರು. ಷೇರು ಎಷ್ಟೇ ಇರಲಿ, ಒಬ್ಬ ಸದಸ್ಯನಿಗೆ ಒಂದೇ ಮತ. ಈ ಸಭೆಯನ್ನು ನಿಭಾಯಿಸಿ, ಆಡಿಟ್ ವರ್ಗೀಕರಣದಲ್ಲಿ ಕೆಳಗಿದ್ದ ಸಂಘವನ್ನು ‘ಎ’ ವರ್ಗಕ್ಕೆ ತಂದ ನಿರ್ದೇಶಕರನ್ನು ಪಕ್ಷಗಳೇ ಹುಡುಕಿಕೊಂಡು ಬರುತ್ತವೆ.

ಗ್ರಾಮ ಪಂಚಾಯಿತಿ ಇನ್ನೊಂದು ಮೆಟ್ಟಿಲು. ಕರ್ನಾಟಕದಲ್ಲಿ ಅದಕ್ಕೆ ಪಕ್ಷದ ಚಿಹ್ನೆ ಇಲ್ಲ, 21 ವರ್ಷ ಸಾಕು, ಅರ್ಧದಷ್ಟು ಸ್ಥಾನ ಮಹಿಳೆಯರಿಗೆ. ಬ್ಯಾಂಕಿನಿಂದ ನಿವೃತ್ತರಾದ ಹೆಣ್ಣುಮಕ್ಕಳು ಇದನ್ನು ಗಂಭೀರವಾಗಿ ಯೋಚಿಸಬೇಕು. ತೆರಿಗೆ ಬೇಡಿಕೆ-ವಸೂಲಿ-ಬಾಕಿಯ ಪಟ್ಟಿಯನ್ನು ಓದಬಲ್ಲ ಒಬ್ಬ ಸದಸ್ಯೆ ಇದ್ದರೆ ಪಂಚಾಯಿತಿಯ ಸಭೆ ಬೇರೆಯೇ ಆಗುತ್ತದೆ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಹೊಸಬರು ಬೆಳೆಯುವ ನಡುವಿನ ಮೆಟ್ಟಿಲೇ ಹೀಗೆ ಮುರಿದುಬಿದ್ದದ್ದು ನನಗೆ ಬಹಳ ಬೇಸರ ತಂದ ಸಂಗತಿ.

ವಿಧಾನ ಪರಿಷತ್ತನ್ನೂ ಮರೆಯಬಾರದು. 75 ಸ್ಥಾನಗಳಲ್ಲಿ 7 ಪದವೀಧರರಿಗೆ. ಕೊಡಗು ನೈರುತ್ಯ ಪದವೀಧರ ಕ್ಷೇತ್ರಕ್ಕೆ ಸೇರುತ್ತದೆ. ದಕ್ಷಿಣ ಕನ್ನಡ, ಉಡುಪಿ, ಚಿಕ್ಕಮಗಳೂರು, ಶಿವಮೊಗ್ಗದ ಪದವೀಧರರೂ ಇದರಲ್ಲಿದ್ದಾರೆ. ನಿಲ್ಲಲು 30 ವರ್ಷ ಆಗಿರಬೇಕು. ಸಾಮಾನ್ಯ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು, ಇದಕ್ಕೆ ಪ್ರತ್ಯೇಕವಾಗಿ ನೋಂದಾಯಿಸಬೇಕು. ಮತ ಹಾಕುವುದು ಪ್ರಾಶಸ್ತ್ಯದ ಕ್ರಮದಲ್ಲಿ. ನಿವೃತ್ತ ಬ್ಯಾಂಕಿನವರು, ಶಿಕ್ಷಕರು, ವಕೀಲರ ನಡುವೆ ಗುರುತಿರುವವರಿಗೆ ಇದು ಹೊಂದುವ ದಾರಿ.

ಇದೆಲ್ಲಕ್ಕೂ ಮೊದಲು ಊರು ನಿಮ್ಮನ್ನು ಬೇರೆ ಯಾವುದೋ ಕೆಲಸದಲ್ಲಿ ನೋಡಿರಬೇಕು. ಸ್ಟೇಟ್ ಬ್ಯಾಂಕಿನಲ್ಲಿ ಕೆಲಸ ಮಾಡಿದ್ದ ಪಾಂಡಂಡ ಕುಟ್ಟಪ್ಪ 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದರು. ರಾಜಕೀಯಕ್ಕಾಗಿ ಮಾಡಿದ್ದಲ್ಲ ಅದು. ಬ್ಯಾಂಕಿನವರೊಬ್ಬರು ನೂರಾರು ಒಕ್ಕಗಳನ್ನು ಒಂದೇ ಮೈದಾನಕ್ಕೆ ತರಬಲ್ಲರು ಎಂಬುದಕ್ಕೆ ಕೊಡಗಿನಲ್ಲೇ ಇರುವ ಸಾಕ್ಷಿ.

ಸೋತರೆ? ಸೋತವರೂ ಫಲಿತಾಂಶ ಬಂದ 30 ದಿನದೊಳಗೆ ಖರ್ಚಿನ ಲೆಕ್ಕ ಕೊಡಬೇಕು. ಸಕಾರಣವಿಲ್ಲದೆ ಕೊಡದಿದ್ದರೆ ಆಯೋಗ 3 ವರ್ಷ ಅನರ್ಹಗೊಳಿಸಬಹುದು. ಬೇಸರದಲ್ಲಿ ಮನೆ ಸೇರಿ ಎಷ್ಟೋ ಮಂದಿ ಇದನ್ನೇ ಮರೆಯುತ್ತಾರೆ. ಬ್ಯಾಂಕಿನ ಹಳೆಯ ಕುರ್ಚಿ ಮತ್ತೆ ಸಿಗುವುದಿಲ್ಲ, ಖಾಸಗಿ ಕಂಪನಿಗಳೂ ಪಕ್ಷದ ಗುರುತು ಬಿದ್ದವರನ್ನು ತೆಗೆದುಕೊಳ್ಳಲು ಹಿಂಜರಿಯುತ್ತವೆ. ಸಂಘದ ನಿರ್ದೇಶಕ ಸ್ಥಾನ ಉಳಿದಿದ್ದರೆ ಮುಂದಿನ ಸೆಪ್ಟೆಂಬರಿನ ಮಹಾಸಭೆಗೆ ವರದಿ ಸಿದ್ಧ ಮಾಡುವ ಕೆಲಸವಂತೂ ಇದ್ದೇ ಇರುತ್ತದೆ.